ಕಾಲು ಹಿಂದಕ್ಕೆ, ಕಣ್ಣು ಹಾವಿನ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ಹತ್ತಿರ ಹಾವು ಕಂಡರೆ ಏನು ಮಾಡಬೇಕು ಅನ್ನುವುದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿರುವುದು ಇದೇ ಕೆಲಸ. ಫೋನ್ ಬರುತ್ತದೆ. ಚೀಲ, ಕೊಕ್ಕೆ, ಟಾರ್ಚು ತಗೊಂಡು ಹೊರಡುತ್ತೇನೆ. ಕಲಿತದ್ದನ್ನೆಲ್ಲ ಹೇಳಲು ಹದಿನೈದು ನಿಮಿಷ ಸಾಲದು. ಹಾಗಾಗಿ ಇವತ್ತು ಒಂದೇ ಒಂದು ಮಾತು ಹೇಳುತ್ತೇನೆ. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ನಿಮಗೆ ಬೇಸರವಾದರೂ ಪರವಾಗಿಲ್ಲ, ಆ ಮಾತು ತಲೆಯಲ್ಲಿ ಕೂತರೆ ಸಾಕು.

ಕಾಲು ಹಿಂದಕ್ಕೆ, ಕಣ್ಣು ಹಾವಿನ ಮೇಲೆ.

ಇಷ್ಟೇ. ಹಾವು ಕಂಡ ಕೂಡಲೇ ಒಂದು ಕ್ಷಣ ನಿಂತಲ್ಲೇ ನಿಲ್ಲಿ. ಆಮೇಲೆ ನಿಧಾನವಾಗಿ ಒಂದು ಹೆಜ್ಜೆ ಹಿಂದೆ, ಇನ್ನೊಂದು ಹೆಜ್ಜೆ ಹಿಂದೆ. ಓಡಬೇಡಿ. ಬೆನ್ನು ತಿರುಗಿಸಬೇಡಿ. ಕಿರುಚಿಕೊಂಡರೂ ಹಾವು ಹೆದರಿ ಓಡುವುದಿಲ್ಲ, ಅದಕ್ಕೆ ನಮ್ಮ ಹಾಗೆ ಹೊರಗಿವಿ ಇಲ್ಲ. ನೆಲದ ಅದುರು ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ನೀವು ಧಡಧಡ ಅಂತ ಕಾಲು ಬಡಿದು ಓಡಾಡಿದರೆ ಅದು ಹೆದರಿ ಸಿಕ್ಕಿದ ಸಂದಿಗೆ ನುಗ್ಗುತ್ತದೆ. ಆಮೇಲೆ ಹುಡುಕುವವರು ಯಾರು?

ಎಷ್ಟು ಹಿಂದಕ್ಕೆ ಹೋಗಬೇಕು? ಒಂದು ಮಂಚದ ಉದ್ದ. ಆರು ಅಡಿ ಅಂದುಕೊಳ್ಳಿ. ಹಾವು ಮುಂದಕ್ಕೆ ಚಿಮ್ಮಿ ಕಚ್ಚುವಾಗ ತನ್ನ ಮೈಯ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧದಷ್ಟು ದೂರ ಚಾಚಬಲ್ಲದು. ನಾಲ್ಕು ಅಡಿಯ ಹಾವಾದರೆ ಎರಡು ಅಡಿ. ನೀವು ಮಂಚದ ಉದ್ದದಷ್ಟು ಆಚೆ ನಿಂತರೆ ಅದು ನಿಮ್ಮನ್ನು ಮುಟ್ಟಲಾರದು. ಅಟ್ಟಿಸಿಕೊಂಡು ಬರುವುದಂತೂ ಇಲ್ಲವೇ ಇಲ್ಲ. ಅದರ ಕಣ್ಣಿಗೆ ನೀವು ಒಂದು ಬೆಟ್ಟ. ಅದು ನಿಮ್ಮನ್ನು ತಿನ್ನಲಾರದು, ನುಂಗಲಾರದು. ಅದರ ವಿಷ ಇರುವುದು ಇಲಿ ಕಪ್ಪೆಗಳಿಗೆ. ಅದನ್ನು ನಿಮ್ಮ ಮೇಲೆ ಸುರಿದರೆ ಅದಕ್ಕೇ ನಷ್ಟ. ತುಳಿದರೆ ಕಚ್ಚುತ್ತದೆ, ಹೊಡೆದರೆ ಕಚ್ಚುತ್ತದೆ, ಮೂಲೆಗೆ ಒತ್ತರಿಸಿದರೆ ಕಚ್ಚುತ್ತದೆ. ನಾಗರಹಾವು ಹೆಡೆ ಎತ್ತಿದರೆ, ಮಂಡಲದ ಹಾವು ಕುಕ್ಕರಿನ ಹಾಗೆ ಬುಸ್ ಅಂದರೆ, ಅದು ನಿಮಗೆ ಹೇಳುತ್ತಿರುವುದು ಇಷ್ಟೇ: ಅಲ್ಲೇ ನಿಲ್ಲು, ಮುಂದೆ ಬರಬೇಡ. ಎಚ್ಚರಿಕೆ ಕೊಡುವ ಪ್ರಾಣಿ ಅದು. ನಾವು ಆ ಮಾತು ಕೇಳಬೇಕು, ಅಲ್ವಾ?

ಕಾಲು ಯಾಕೆ ಹಿಂದಕ್ಕೆ ಅನ್ನುವುದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಕಣ್ಣು ಯಾಕೆ ತೆಗೆಯಬಾರದು ಅನ್ನುವುದನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನಗೆ ಫೋನ್ ಮಾಡಿದವರನ್ನು ನಾನು ಮೊದಲು ಕೇಳುವುದು, "ಈಗ ಹಾವು ಎಲ್ಲಿದೆ?" ಹತ್ತರಲ್ಲಿ ಎಂಟು ಜನ ಹೇಳುವುದು, "ಇಲ್ಲೇ ಎಲ್ಲೋ ಇದೆ ಸಾರ್." ಈ "ಇಲ್ಲೇ ಎಲ್ಲೋ" ಕೇಳಿದರೆ ನನ್ನ ಎದೆ ಧಸಕ್ ಅನ್ನುತ್ತದೆ. ಇಲ್ಲೇ ಎಲ್ಲೋ ಅಂದರೆ ಬೀರು ಸರಿಸಬೇಕು, ಮಂಚ ಎತ್ತಬೇಕು, ಫ್ರಿಜ್ ಹಿಂದೆ ಕೈದೀಪ ಬಿಡಬೇಕು, ಹಾಸಿಗೆ ಒಂದೊಂದಾಗಿ ಕೊಡವಬೇಕು. ನಾಲ್ಕು ಗಂಟೆ ಹುಡುಕಿಯೂ ಸಿಗದೆ ವಾಪಸ್ ಬಂದ ಮನೆಗಳಿವೆ. ಆ ಮನೆಯವರು ಆ ರಾತ್ರಿ ಹೇಗೆ ಮಲಗಿರಬೇಕು ಯೋಚಿಸಿ.

ಈಗ ಒಂದು ಘಟನೆ ಹೇಳುತ್ತೇನೆ. ನಾನು ಹೋದಲ್ಲೆಲ್ಲ ಇದನ್ನು ಹೇಳುತ್ತೇನೆ.

ಮಳೆಗಾಲದ ರಾತ್ರಿ, ಎಂಟೂವರೆ ಇರಬೇಕು. ಫೋನ್ ಬಂತು. ಆ ಕಡೆ ಒಬ್ಬಳು ಹುಡುಗಿ. ದನಿ ಕೇಳಿದರೆ ಹತ್ತೋ ಹನ್ನೊಂದೋ ವರ್ಷ. "ಅಂಕಲ್, ನಮ್ಮನೆಗೆ ಹಾವು ಬಂದಿದೆ. ಚಿಕ್ಕದು." ನಾನು ಯಾವಾಗಲೂ ಕೇಳುವುದನ್ನೇ ಕೇಳಿದೆ. "ಈಗ ಎಲ್ಲಿದೆ ಪುಟ್ಟಾ?"

"ಚಪ್ಪಲಿ ಸ್ಟ್ಯಾಂಡಿನ ಕೆಳಗೆ. ತಲೆ ಗೋಡೆ ಕಡೆಗಿದೆ. ನಾನು ನೋಡ್ತಾ ಇದ್ದೀನಿ."

ಇಷ್ಟು ಚೊಕ್ಕವಾದ ಉತ್ತರ ನನಗೆ ದೊಡ್ಡವರಿಂದ ಸಿಕ್ಕಿದ್ದೇ ಇಲ್ಲ. "ನೀನು ಎಷ್ಟು ದೂರ ಇದ್ದೀಯಾ?" ಅಂದೆ. "ಮನೆ ಹೊರಗಿದ್ದೀನಿ ಅಂಕಲ್, ಕಿಟಕಿಯಿಂದ ಟಾರ್ಚ್ ಬಿಟ್ಟಿದ್ದೀನಿ." "ಜಾಣೆ. ಅಲ್ಲೇ ಇರು. ಕಣ್ಣು ಮಾತ್ರ ತೆಗೀಬೇಡ, ಬಂದೆ" ಅಂದೆ.

ಮಳೆಯಲ್ಲಿ ಅಲ್ಲಿಗೆ ಮುಟ್ಟಲು ಮುಕ್ಕಾಲು ಗಂಟೆ ಆಯಿತು. ಮನೆ ಮುಂದೆ ಎಂಟು ಹತ್ತು ಜನ, ಮೂವರ ಕೈಯಲ್ಲಿ ದೊಣ್ಣೆ. ನನ್ನನ್ನು ನೋಡಿದ ಕೂಡಲೇ ಮನೆಯ ಯಜಮಾನರು, "ಹೊರಟುಹೋಯ್ತು ಸಾರ್, ಸುಮ್ನೆ ನಿಮಗೆ ತೊಂದರೆ ಆಯ್ತು" ಅಂದರು. ಎಲ್ಲಿಗೆ ಹೋಯಿತು? ಒಬ್ಬರು ಬಚ್ಚಲ ತೂಬಿನಿಂದ ಅಂದರು. ಇನ್ನೊಬ್ಬರು ಚರಂಡಿಯಲ್ಲಿ ಬಾಲ ಕಂಡೆ ಅಂದರು. ಮತ್ತೊಬ್ಬರ ಪ್ರಕಾರ ಅದು ಹಾವೇ ಅಲ್ಲ, ಎರೆಹುಳ. ಎಲ್ಲರೂ ಸೇರಿ ಹಾವು ಹೋಯಿತು ಅಂತ ತೀರ್ಮಾನ ಮಾಡಿ ಆಗಿತ್ತು.

ಕಿಟಕಿ ಹತ್ತಿರ ಆ ಹುಡುಗಿ ಒಂದು ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಕಿಟಕಿ ಸರಳು, ಇನ್ನೊಂದು ಕೈಯಲ್ಲಿ ಟಾರ್ಚು. ಬೆನ್ನೆಲ್ಲ ಒದ್ದೆ. ನಾನು ಹತ್ತಿರ ಹೋದರೂ ಮುಖ ತಿರುಗಿಸಲಿಲ್ಲ. "ಅಂಕಲ್, ಅದು ಹೋಗಿಲ್ಲ. ಅಪ್ಪನ ಶೂ ಒಳಗಿದೆ" ಅಂದಳು.

"ಯಾವ ಶೂ?"

"ಕಪ್ಪು ಶೂ. ಎಡಗಾಲಿಂದು. ಎರಡು ಸಲ ತಲೆ ಹೊರಗೆ ಹಾಕ್ತು, ಮತ್ತೆ ಒಳಗೆ ಹೋಯ್ತು. ಇವರಿಗೆಲ್ಲ ಹೇಳಿದೆ, ಯಾರೂ ಕೇಳಲಿಲ್ಲ."

ನಾನು ಒಳಗೆ ಹೋದೆ. ಉದ್ದನೆಯ ಚಿಮಟದಿಂದ ಶೂವಿನ ಹಿಮ್ಮಡಿ ಹಿಡಿದು ಎತ್ತಿ, ದೊಡ್ಡ ಪ್ಲಾಸ್ಟಿಕ್ ಡಬ್ಬದೊಳಗೆ ಬಗ್ಗಿಸಿದೆ. ಏನೂ ಬರಲಿಲ್ಲ. ಹೊರಗಿನಿಂದ ಯಾರೋ "ನೋಡಿ, ಹೇಳಲಿಲ್ವಾ" ಅಂದರು. ಶೂವನ್ನು ಡಬ್ಬದ ಅಂಚಿಗೆ ಮೆಲ್ಲಗೆ ತಟ್ಟಿದೆ. ಆಗ ಜಾರಿ ಬಿತ್ತು. ನಾಗರಹಾವಿನ ಮರಿ. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಪೆನ್ಸಿಲಿನಷ್ಟು ದಪ್ಪ. ಬಿದ್ದ ಮರುಕ್ಷಣ ಎದ್ದು ನಿಂತು, ಹೆಬ್ಬೆರಳಿನಷ್ಟು ಅಗಲದ ಹೆಡೆ ಬಿಚ್ಚಿತು. ಮೊಟ್ಟೆಯಿಂದ ಹೊರಬಂದ ದಿನದಿಂದಲೇ ಆ ಮರಿಗೆ ವಿಷ ಇರುತ್ತದೆ. ಮರಿ ಅಲ್ವಾ ಅಂತ ಸದರ ಮಾಡುವ ಹಾಗಿಲ್ಲ.

ಡಬ್ಬ ಮುಚ್ಚಿ ಹೊರಗೆ ತಂದು ತೋರಿಸಿದೆ. ಆ ಹುಡುಗಿಯ ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಂದರು, "ಬೆಳಗ್ಗೆ ಐದೂವರೆಗೆ ನಾನು ಡ್ಯೂಟಿಗೆ ಹೊರಡಬೇಕು ಸಾರ್. ಮಕ್ಕಳು ಎದ್ದುಬಿಡ್ತಾರೆ ಅಂತ ಲೈಟ್ ಹಾಕೋದಿಲ್ಲ. ಕತ್ತಲಲ್ಲೇ ಶೂ ಹಾಕ್ಕೊಳ್ತೀನಿ."

ಆ ಹುಡುಗಿ ಹಾವು ಹಿಡಿಯಲಿಲ್ಲ. ಹೊಡೆಯಲಿಲ್ಲ. ಹತ್ತಿರ ಕೂಡ ಹೋಗಲಿಲ್ಲ. ನೋಡುತ್ತಾ ನಿಂತಳು, ಅಷ್ಟೇ. ಅಷ್ಟು ಹೊತ್ತು ಕಾಲು ನೋಯಲಿಲ್ವಾ ಅಂತ ಕೇಳಿದೆ. "ನೀವೇ ಹೇಳಿದ್ರಲ್ಲ ಅಂಕಲ್, ಕಣ್ಣು ತೆಗೀಬೇಡ ಅಂತ" ಅಂದಳು.

ಅದಕ್ಕೇ ಹೇಳುವುದು. ಕಾಲು ಹಿಂದಕ್ಕೆ, ಕಣ್ಣು ಹಾವಿನ ಮೇಲೆ. ಮನೆಯಲ್ಲಿ ನಾಲ್ಕು ಜನ ಇದ್ದರೆ ಒಬ್ಬರು ಕಾವಲು ನಿಲ್ಲಲಿ, ಉಳಿದವರು ಮಕ್ಕಳನ್ನು, ನಾಯಿ ಬೆಕ್ಕನ್ನು ಆಚೆ ಕರೆದುಕೊಂಡು ಹೋಗಲಿ, ಫೋನ್ ಮಾಡಲಿ. ಒಬ್ಬರೇ ಇದ್ದರೆ ನೋಡುತ್ತಲೇ ಫೋನ್ ಮಾಡಿ. ಅಲ್ಲಿ ನಿಲ್ಲಲು ನಿಮಗೆ ಆಗುವುದೇ ಇಲ್ಲ ಅನ್ನಿಸಿದರೆ ಆ ಕೋಣೆಯ ಬಾಗಿಲು ಎಳೆದು, ಕೆಳಗಿನ ಸಂದಿಗೆ ಟವೆಲ್ಲನ್ನೋ ಹಳೇ ಬಟ್ಟೆಯನ್ನೋ ಒತ್ತಿ ತುರುಕಿ. ಬೆರಳು ತೂರುವಷ್ಟು ಸಂದಿ ಇದ್ದರೂ ಅಂಥ ಮರಿ ನುಸುಳಿ ಬರುತ್ತದೆ. ಹಾವು ಇರುವುದು ಅಂಗಳದಲ್ಲಾದರೆ ಇಷ್ಟೂ ಬೇಡ. ಅದಕ್ಕೆ ದಾರಿ ಬಿಡಿ, ಎಲ್ಲಿಗೆ ಹೋಯಿತು ಅಂತ ನೋಡಿ. ಹೆಚ್ಚಿನ ಸಲ ಅದು ತನ್ನ ಪಾಡಿಗೆ ಹೊರಟುಹೋಗುತ್ತದೆ.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ದೊಣ್ಣೆ ಹಿಡಿಯುವವರಿಗೆ ಒಂದು ಮಾತು. ದೊಣ್ಣೆ ಹಿಡಿದರೆ ನೀವು ಮುಂದೆ ಹೋಗಲೇಬೇಕು. ಮಂಚದ ಉದ್ದದ ದೂರ ಅಲ್ಲಿಗೆ ಮುಗಿಯಿತು. ಮೊದಲ ಏಟು ತಪ್ಪಿದರೆ ಹಾವು ಇರುವುದು ನಿಮ್ಮ ಕಾಲ ಬಳಿ. ಕೊಂದ ಹಾವಿನ ತಲೆ ತುಂಡಾಗಿ ಬಿದ್ದಿದ್ದರೂ ಒಂದಷ್ಟು ಹೊತ್ತು ಕಚ್ಚಬಲ್ಲದು, ವಿಷ ಬಿಡಬಲ್ಲದು. ಸತ್ತ ಹಾವು ಅಂತ ಕೈ ಹಾಕಿ ಕಚ್ಚಿಸಿಕೊಂಡವರಿದ್ದಾರೆ. ಇನ್ನು ಮೊಬೈಲ್ ಹಿಡಿದು ಮುಂದೆ ಮುಂದೆ ಹೋಗುವವರು. ದಯವಿಟ್ಟು ಬೇಡ. ಫೋಟೋ ಬೇಕಾದರೆ ದೂರದಿಂದಲೇ ಒಂದು ತೆಗೆಯಿರಿ. ಅದನ್ನು ನನಗೆ ಕಳಿಸಿದರೆ ಯಾವ ಹಾವು ಅಂತ ದಾರಿಯಲ್ಲೇ ಗೊತ್ತಾಗುತ್ತದೆ. ಅದಕ್ಕಿಂತ ಜಾಸ್ತಿ ಬೇಡ.

"ವಿಷದ ಹಾವೋ ಅಲ್ಲವೋ ಗುರುತಿಸುವುದು ಹೇಗೆ?" ಅಂತ ಎಲ್ಲರೂ ಕೇಳುತ್ತಾರೆ. ಲೋಕದಲ್ಲಿ ಹೆಚ್ಚುಕಡಿಮೆ 4,000 ಜಾತಿಯ ಹಾವುಗಳಿವೆ, ವಿಷ ಇರುವವು ಸುಮಾರು 600. ಅಂದರೆ ನಿಮಗೆ ಕಾಣುವ ಹಾವಿಗೆ ವಿಷ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ಆದರೆ ಕೇರೆಹಾವನ್ನು ನಾಗರಹಾವು ಅಂತ ಕೊಂದವರನ್ನೂ ನೋಡಿದ್ದೇನೆ, ಕಟ್ಟುಹಾವನ್ನು ವಿಷವಿಲ್ಲದ ತೋಳದ ಹಾವು ಅಂದುಕೊಂಡು ಮುಟ್ಟಿದವರನ್ನೂ ನೋಡಿದ್ದೇನೆ. ದೂರ ನಿಂತವರಿಗೆ ಈ ಪ್ರಶ್ನೆಯೇ ಬೇಕಾಗಿಲ್ಲ. ಕಾಲು ಹಿಂದಕ್ಕೆ ಹೋದ ಮೇಲೆ ಯಾವ ಹಾವಾದರೇನು?

ಅಕಸ್ಮಾತ್ ಕಚ್ಚಿದರೆ? ಆಸ್ಪತ್ರೆ. ಬೇರೆ ಉತ್ತರ ಇಲ್ಲ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಐಸ್ ಇಡಬೇಡಿ. ಉಂಗುರ, ಬಳೆ, ಗಡಿಯಾರ, ಕಾಲುಗೆಜ್ಜೆ ತಕ್ಷಣ ಬಿಚ್ಚಿ, ಬಾವು ಬಂದ ಮೇಲೆ ಬಿಚ್ಚಲು ಆಗುವುದಿಲ್ಲ. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಮಾಡಿ, ನಡೆಸದೆ ಕರೆದುಕೊಂಡು ಹೋಗಿ. ಹಾವನ್ನು ಹಿಡಿದು ತರಬೇಕಾಗಿಲ್ಲ. ಹಿಡಿಯಲು ಹೋದರೆ ಇನ್ನೊಬ್ಬರಿಗೆ ಕಚ್ಚಿಸಿದ ಹಾಗೆ. ಹಾವಿನ ವಿಷಕ್ಕೆ ಇರುವ ಮದ್ದು ಒಂದೇ, ಪ್ರತಿವಿಷ. 1890ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಆಲ್ಬರ್ ಕಾಲ್ಮೆಟ್ ಅದನ್ನು ಮೊದಲು ತಯಾರಿಸಿದವರಲ್ಲಿ ಒಬ್ಬರು. ಇವತ್ತಿಗೂ ಅದನ್ನು ಮಾಡುವ ರೀತಿ ಬಹುಮಟ್ಟಿಗೆ ಅದೇ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಶಕ್ತಿಯನ್ನು ಬೇರ್ಪಡಿಸಿ ತೆಗೆಯುತ್ತಾರೆ. ಮದ್ದು ಬಂದು ನೂರು ವರ್ಷ ದಾಟಿತು. ಆದರೂ ಲೋಕದಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಜನರಿಗೆ ಹಾವು ಕಚ್ಚುತ್ತದೆ, 81,000ದಿಂದ 1,38,000 ಜನ ಸಾಯುತ್ತಾರೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಎಷ್ಟೋ ಜನ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿದ್ದರೆ ಉಳಿಯುತ್ತಿದ್ದರು. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಹಾವು ಬರದಂತೆ ಮಾಡುವುದು ಹೇಗೆ? ಫಿನಾಯಿಲ್, ನುಸಿಗುಳಿಗೆ, ಬೆಳ್ಳುಳ್ಳಿ ಇವಕ್ಕೆಲ್ಲ ದುಡ್ಡು ಹಾಳು ಮಾಡಬೇಡಿ. ಹಾವು ಬರುವುದು ಇಲಿಗೆ. ಇಲಿ ಬರುವುದು ಕಸಕ್ಕೆ, ಚೆಲ್ಲಿದ ಕಾಳಿಗೆ. ಗೋಡೆಗೆ ಒರಗಿಸಿಟ್ಟ ಸೌದೆ, ಇಟ್ಟಿಗೆ ರಾಶಿ ಆಚೆ ಹಾಕಿ. ತೂಬಿಗೆ ಜಾಲರಿ ಹಾಕಿಸಿ. ರಾತ್ರಿ ಹೊರಗೆ ಕಾಲಿಟ್ಟರೆ ಕೈಯಲ್ಲಿ ಟಾರ್ಚು ಇರಲಿ. ಹೆಚ್ಚಿನ ಕಡಿತ ಆಗುವುದು ಕಾಲಿಗೆ. ನೆಲದ ಮೇಲೆ ಮಲಗುವವರು ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ಮಲಗಿದವರಿಗೆ. ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ. ಶೂ ಹಾಕುವ ಮೊದಲು ಲೈಟ್ ಹಾಕಿ, ಬೋರಲು ಮಾಡಿ ತಟ್ಟಿ. ಅದು ಯಾಕೆ ಅಂತ ನಿಮಗೆ ಈಗ ಗೊತ್ತು.

ಇನ್ನು ಅರ್ಧ ನಿಮಿಷ ಇದೆ ಅಂತ ಸನ್ನೆ ಮಾಡುತ್ತಿದ್ದಾರೆ. ಈ ಅರ್ಧ ನಿಮಿಷದಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕು. ರೇಡಿಯೋ ಪಕ್ಕದಲ್ಲೇ ಒಂದು ಚೀಟಿ ಇಟ್ಟುಕೊಳ್ಳಿ. ನಿಮ್ಮ ಕಡೆ ಹಾವು ಹಿಡಿಯುವ ಅನುಭವಸ್ಥರು ಯಾರು, ಪ್ರತಿವಿಷ ಸಿಗುವ ಆಸ್ಪತ್ರೆ ಯಾವುದು, ಈ ಎರಡನ್ನು ವಿಚಾರಿಸಿ, ನಂಬರ್ ಬರೆದು, ಮಕ್ಕಳ ಕೈಗೂ ಎಟಕುವ ಜಾಗದಲ್ಲಿ ಅಂಟಿಸಿ. ಹಾವು ಬಂದ ಮೇಲೆ ಹುಡುಕುವುದಲ್ಲ, ಇವತ್ತೇ. ನಾಳೆ ಫೋನ್ ಮಾಡಿದಾಗ ಆ ಕಡೆಯವರು ಈಗ ಹಾವು ಎಲ್ಲಿದೆ ಅಂತ ಕೇಳುತ್ತಾರೆ. ಇಲ್ಲೇ ಎಲ್ಲೋ ಅನ್ನಬೇಡಿ.

ನಮಸ್ಕಾರ.