ಎರಡು ಲೆಕ್ಕದ ನೋಟ್‌ಬುಕ್

ಎಲ್ಲರಿಗೂ ನಮಸ್ಕಾರ.

ಮೂವತ್ತು ವರ್ಷ ಎಂಜಿನ್ ಪಾಠ ಹೇಳಿದ ಮೇಷ್ಟರು ಡ್ರ್ಯಾಗ್ ರೇಸಿಂಗ್ ಬಗ್ಗೆ ಮಾತನಾಡುತ್ತಾರೆ ಎಂದ ಕೂಡಲೇ ನೀವೆಲ್ಲ ಪಿಸ್ಟನ್, ಸೂಪರ್‌ಚಾರ್ಜರ್, ನೈಟ್ರೊಮಿಥೇನ್ ಎಂದು ನಿರೀಕ್ಷಿಸಿ ಬಂದಿರಬಹುದು. ಅದೂ ಸ್ವಲ್ಪ ಬರುತ್ತದೆ. ಆದರೆ ಇಂದು ನಾನು ಹೇಳಹೊರಟಿರುವುದು ಕೂಡುವ ಕಳೆಯುವ ಲೆಕ್ಕದ ಜಗಳ. ಅಮೆರಿಕದ ಡ್ರ್ಯಾಗ್ ರೇಸಿಂಗ್ ಅಭಿಮಾನಿಗಳು 2007ರಿಂದಲೂ ಬಿಡದೆ ಆಡುತ್ತಿರುವ ಜಗಳ ಇದು: ವರ್ಷದ ಚಾಂಪಿಯನ್ ಎಂದರೆ ಯಾರು? ವರ್ಷವಿಡೀ ಹೆಚ್ಚು ಅಂಕ ಕೂಡಿಟ್ಟವನೋ, ಕೊನೆಯ ಆರು ರೇಸ್‌ಗಳಲ್ಲಿ ಮಿಂಚಿದವನೋ?

ಕಂಬಳ ನೋಡಿದವರಿಗೆ ಈ ಆಟವನ್ನು ವಿವರಿಸುವುದು ಸುಲಭ. ಅಕ್ಕಪಕ್ಕದಲ್ಲಿ ಎರಡು ಕರೆ, ಎರಡು ಜೋಡಿ ಕೋಣ. ಮಂಜೊಟ್ಟಿಗೆ ಮೊದಲು ಮುಟ್ಟಿದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಕೆಸರಿನ ಜಾಗದಲ್ಲಿ ಅಂಟುದ್ರವ ಸಿಂಪಡಿಸಿದ ನೇರ ರಸ್ತೆ, ಕೋಣಗಳ ಜಾಗದಲ್ಲಿ 11,000 ಅಶ್ವಶಕ್ತಿಯ ಎಂಜಿನ್ ಇಟ್ಟುಕೊಳ್ಳಿ. ಟಾಪ್ ಫ್ಯೂಯಲ್ ಎಂಬ ಅತಿ ವೇಗದ ವರ್ಗದಲ್ಲಿ 1,000 ಅಡಿ ಓಡಲು ನಾಲ್ಕು ಸೆಕೆಂಡ್ ಕೂಡ ಬೇಕಾಗುವುದಿಲ್ಲ. ಕೊನೆಯ ಗೆರೆ ದಾಟುವಾಗ ವೇಗ ಗಂಟೆಗೆ 500 ಕಿಲೋಮೀಟರ್ ಮೀರಿರುತ್ತದೆ. ಹಿಂದೆ ಓಟ ಕಾಲು ಮೈಲಿ, ಅಂದರೆ 1,320 ಅಡಿ ಇತ್ತು. 2008ರ ಜೂನ್‌ನಲ್ಲಿ ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ ಚಾಲಕ ಸ್ಕಾಟ್ ಕಲಿಟ್ಟ ಅಪಘಾತದಲ್ಲಿ ತೀರಿಕೊಂಡ ಮೇಲೆ ನೈಟ್ರೊಮಿಥೇನ್ ಇಂಧನದಿಂದ ಓಡುವ ನೈಟ್ರೊ ಕಾರುಗಳಿಗೆ ಅದನ್ನು 1,000 ಅಡಿಗೆ ಇಳಿಸಿದರು. ಕಲಿಟ್ಟ ಎಂಬ ಮನೆತನದ ಹೆಸರನ್ನು ನೆನಪಿನಲ್ಲಿಡಿ, ಇನ್ನೊಮ್ಮೆ ಬರುತ್ತದೆ.

ಭಾನುವಾರ ಹದಿನಾರು ಕಾರು, ನಾಲ್ಕು ಸುತ್ತು. ಪ್ರತಿ ಸುತ್ತು ಗೆದ್ದರೆ 20 ಅಂಕ. ಅದರ ಜೊತೆಗೆ ಅರ್ಹತಾ ಓಟದ ಚಿಲ್ಲರೆ ಅಂಕಗಳು.

ಮಗಳ ಮನೆಗೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದಾಗ ಒಂದು ನವೆಂಬರ್‌ನಲ್ಲಿ ಪೊಮೋನಾದ ಟ್ರ್ಯಾಕ್‌ಗೆ ಹೋಗಿದ್ದೆ. ಋತುವಿನ ಕೊನೆಯ ರೇಸ್ ನಡೆಯುವುದು ಅಲ್ಲಿಯೇ. ಕಿವಿಗೆ ಬಿರಡೆ ಹಾಕಿಕೊಂಡು ಕುಳಿತಿದ್ದರೂ ಮೊದಲ ಜೋಡಿ ಹೊರಟಾಗ ಸದ್ದು ಕೇಳಿಸಿದ್ದು ಕಿವಿಗಲ್ಲ, ಪಕ್ಕೆಲುಬಿಗೆ. ನೈಟ್ರೊ ಹೊಗೆಗೆ ಕಣ್ಣಲ್ಲಿ ನೀರು. ಒಗ್ಗರಣೆಗೆ ಒಣಮೆಣಸಿನಕಾಯಿ ಸೀದುಹೋದ ಅಡುಗೆಮನೆಯಲ್ಲಿ ಸಿಕ್ಕಿಕೊಂಡ ಹಾಗಾಯಿತು.

ನನ್ನ ಎಡಗಡೆ ಎಪ್ಪತ್ತು ದಾಟಿದ ಒಬ್ಬ ಹಿರಿಯರು, ಅವರಾಚೆ ಅವರ ಮೊಮ್ಮಗ. ಹಿರಿಯರ ಮೊಣಕಾಲಿನ ಮೇಲೆ ಒಂದು ಸುರುಳಿ ತಂತಿಯ ನೋಟ್‌ಬುಕ್, ಕೈಯಲ್ಲಿ ಮೋಟು ಪೆನ್ಸಿಲ್. ಪ್ರತಿ ಜೋಡಿ ಓಡಿದ ಕೂಡಲೇ ಏನೋ ಬರೆಯುತ್ತಿದ್ದರು. ಕಿರಾಣಿ ಅಂಗಡಿಯ ಸಾಲದ ಪುಸ್ತಕದ ಹಾಗೆ ಉದ್ದಕ್ಕೆ ಗೆರೆ ಎಳೆದು ಎರಡು ಕಾಲಂ ಮಾಡಿದ್ದರು. ಎಡಕ್ಕೆ ಅಧಿಕೃತ ಅಂಕ. ಬಲಕ್ಕೆ, ಫೆಬ್ರುವರಿಯಿಂದ ಒಂದನ್ನೂ ಅಳಿಸದೆ ಕೂಡಿಸಿಕೊಂಡು ಬಂದ ಅಂಕ. ನಾನು ಕುತೂಹಲದಿಂದ ಬಗ್ಗಿ ನೋಡಿದ್ದನ್ನು ಕಂಡು ಬಲಗಡೆಯ ಕಾಲಂ ಮೇಲೆ ಪೆನ್ಸಿಲಿನಿಂದ ಎರಡು ಸಲ ಕುಟ್ಟಿ, ನಿಜವಾದ ಲೆಕ್ಕ ಇದು ಎಂದರು. ಮೊಮ್ಮಗ ನಗುತ್ತ, ತಾತನ ಲೆಕ್ಕಕ್ಕೆ ಯಾರೂ ಟ್ರೋಫಿ ಕೊಡುವುದಿಲ್ಲ ಎಂದ. ಇಡೀ ಅಭಿಮಾನಿ ಬಳಗದ ಜಗಳ ಆ ಎರಡು ಕುರ್ಚಿಗಳಲ್ಲಿ ಕುಳಿತಿತ್ತು.

ಅಂಕ ಅಳಿಸುವುದು ಎಂದರೇನು ಎಂದು ಹೇಳಿಬಿಡುತ್ತೇನೆ. ವಾಲಿ ಪಾರ್ಕ್ಸ್ 1951ರಲ್ಲಿ ಕಟ್ಟಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್, ಅಂದರೆ ಎನ್‌ಎಚ್‌ಆರ್‌ಎ, ಈ ಕ್ರೀಡೆಯ ದೊಡ್ಡಮನೆ. ಅದು 2007ರಲ್ಲಿ ಕೌಂಟ್‌ಡೌನ್ ಎಂಬ ಪದ್ಧತಿ ತಂದಿತು. ಮೊದಲ ವರ್ಷ ಅದು ತೀರಾ ಬಿಗಿಯಾಗಿತ್ತು: 17 ರೇಸ್ ಆದ ಮೇಲೆ ಎಂಟೇ ಮಂದಿ, ನಾಲ್ಕು ರೇಸ್ ಕಳೆದ ಮೇಲೆ ನಾಲ್ಕೇ ಮಂದಿ, ಕೊನೆಯ ಎರಡು ರೇಸ್‌ಗಳಲ್ಲಿ ತೀರ್ಮಾನ. ಒಂದೇ ವರ್ಷಕ್ಕೆ ಅದನ್ನು ಸಡಿಲಿಸಿ ಹತ್ತು ಮಂದಿ, ಆರು ರೇಸ್ ಎಂದು ಬದಲಿಸಿದರು. ಇಂಡಿಯಾನಾಪೊಲಿಸ್‌ನ ಯು.ಎಸ್. ನ್ಯಾಷನಲ್ಸ್ ರೇಸ್ ಮುಗಿದ ರಾತ್ರಿ ಹಲಗೆ ಒರೆಸಿ ಹೊಸದಾಗಿ ಬರೆಯುತ್ತಾರೆ. ಒಂದನೆಯವನಿಗೂ ಎರಡನೆಯವನಿಗೂ 20 ಅಂಕದ ಅಂತರ. ಅಲ್ಲಿಂದ ಕೆಳಗೆ ಮೆಟ್ಟಿಲಿಗೆ ಹತ್ತು ಹತ್ತು.

ಈಗ ನನ್ನ ಜೊತೆ ಲೆಕ್ಕ ಹಾಕಿ. ಒಂದನೆಯವನಿಂದ ಹತ್ತನೆಯವನವರೆಗೆ ಒಟ್ಟು ಅಂತರ 100 ಅಂಕ. ಅಂದರೆ ಐದು ಸುತ್ತು. ಮೊದಲ ಭಾನುವಾರ ಹತ್ತನೆಯವನು ರೇಸ್ ಗೆದ್ದು, ಒಂದನೆಯವನು ಮೊದಲ ಸುತ್ತಿನಲ್ಲೇ ಸೋತರೆ 80 ಅಂಕ ಅಲ್ಲಿಗೇ ಸಮ. ಉಳಿಯುವುದು 20. ಏಳು ತಿಂಗಳು ದುಡಿದು ಕಟ್ಟಿದ ಗೋಡೆ ಒಂದು ಸಂಜೆಗೆ ಒಂದು ಇಟ್ಟಿಗೆಯಷ್ಟಕ್ಕೆ ಇಳಿಯುತ್ತದೆ. ಹಿರಿಯರ ಸಿಟ್ಟು ಇದರ ಮೇಲೆ.

ಮೊಮ್ಮಗನ ವಾದವೂ ಹುಡುಗಾಟದ್ದಲ್ಲ. ತಾತನ ಬಲಗಡೆಯ ಕಾಲಂ ಪ್ರಕಾರ ಹೋದರೆ ಎಷ್ಟೋ ವರ್ಷ ಚಾಂಪಿಯನ್ ಯಾರೆಂದು ಅಕ್ಟೋಬರಿನಲ್ಲೇ ಗೊತ್ತಾಗಿರುತ್ತದೆ, ಆಮೇಲೆ ಈ ಕುರ್ಚಿಗಳಲ್ಲಿ ಕೂರುವವರು ಯಾರು ಎಂದು ಅವನು ಕೇಳಿದ. ಅಮೆರಿಕದಲ್ಲಿ ಸೆಪ್ಟೆಂಬರ್ ಬಂತೆಂದರೆ ಭಾನುವಾರದ ಟಿ.ವಿ. ಫುಟ್‌ಬಾಲ್ ಪಾಲು. ಆ ಅಬ್ಬರದ ಎದುರು, ಆಗಲೇ ಮುಗಿದುಹೋದ ಕಥೆಯನ್ನು ಮಾರುವುದು ಕಷ್ಟ. ಅಮೆರಿಕದ ಇನ್ನೊಂದು ದೊಡ್ಡ ಕಾರ್ ರೇಸ್ ಸಂಸ್ಥೆಯಾದ ನಾಸ್ಕಾರ್‌ನವರಿಗೂ ಇದೇ ಚಿಂತೆ ಹತ್ತಿತ್ತು. 2003ರಲ್ಲಿ ಮ್ಯಾಟ್ ಕೆನ್ಸೆತ್ ಒಂದೇ ಒಂದು ರೇಸ್ ಗೆದ್ದು ಚಾಂಪಿಯನ್ ಆದರು. ಎಂಟು ಗೆದ್ದ ರಯಾನ್ ನ್ಯೂಮನ್ ಹಿಂದುಳಿದರು. ಮರುವರ್ಷವೇ ಅಲ್ಲಿ ಕೊನೆಯ ಹತ್ತು ರೇಸ್‌ಗಳ ಚೇಸ್ ಬಂತು. ಎನ್‌ಎಚ್‌ಆರ್‌ಎ ಆ ದಾರಿ ಹಿಡಿದದ್ದು ಅದಾಗಿ ಮೂರು ವರ್ಷಕ್ಕೆ.

ತಮಾಷೆ ಎಂದರೆ, ಕೌಂಟ್‌ಡೌನ್ ಯಾವ ರೋಮಾಂಚನವನ್ನು ತಯಾರಿಸಲು ಹೊರಟಿತೋ ಅದು ಹಳೆಯ ಪದ್ಧತಿಯ ಕಟ್ಟಕಡೆಯ ದಿನ ತಾನಾಗಿ ಹುಟ್ಟಿತ್ತು. 2006ರ ನವೆಂಬರ್ 12, ಪೊಮೋನಾ. ಟಾಪ್ ಫ್ಯೂಯಲ್‌ನಲ್ಲಿ ಡಗ್ ಕಲಿಟ್ಟ ಮುಂದಿದ್ದರು. ಟೋನಿ ಶುಮಾಕರ್ ಒಂದು ಹಂತದಲ್ಲಿ 336 ಅಂಕ ಹಿಂದಿದ್ದವರು, ಏರುತ್ತ ಏರುತ್ತ ಅಲ್ಲಿಗೆ ಬಂದಿದ್ದರು. ಪ್ರಶಸ್ತಿ ಸಿಗಬೇಕಾದರೆ ಫೈನಲ್ ಗೆದ್ದರಷ್ಟೇ ಸಾಲದು. ರಾಷ್ಟ್ರೀಯ ದಾಖಲೆಯನ್ನೂ ಮುರಿಯಬೇಕು. ದಾಖಲೆಗೆ ಆಗ 20 ಅಂಕ ಬೋನಸ್ ಇತ್ತು. ಅಂಥ ಓಟಕ್ಕೆ ಎಂಜಿನ್ನನ್ನು ಹದ ಮಾಡುವುದು ಎಂದರೇನು ಎಂದು ನನ್ನಂಥವನಿಗೆ ಗೊತ್ತು. ಇಂಧನ, ಕ್ಲಚ್, ಕಿಡಿಯ ಸಮಯ ಎಲ್ಲವನ್ನೂ ತುದಿಗೆ ತಳ್ಳಬೇಕು. ಕೂದಲೆಳೆಯಷ್ಟು ಹೆಚ್ಚಾದರೆ ಟೈರು ಹಿಡಿತ ಬಿಟ್ಟು ಹೊಗೆಯಾಗುತ್ತದೆ, ಕಡಿಮೆಯಾದರೆ ಗೆದ್ದೂ ಸೋತ ಹಾಗೆ. ಎದುರಿಗಿದ್ದವರು ಮೆಲನಿ ಟ್ರಾಕ್ಸೆಲ್. ಮುಖ್ಯ ಮೆಕ್ಯಾನಿಕ್ ಅಲನ್ ಜಾನ್ಸನ್ ಆ ಕೊನೆಯ ಓಟಕ್ಕೆ ಹದ ಮಾಡಿ ಬಿಟ್ಟ ಕಾರು 4.428 ಸೆಕೆಂಡ್‌ನಲ್ಲಿ ಕಾಲು ಮೈಲಿ ಮುಗಿಸಿತು. ದಾಖಲೆ. ಶುಮಾಕರ್ 14 ಅಂಕದಿಂದ ಚಾಂಪಿಯನ್. ಆ 20 ಬೋನಸ್ ಇಲ್ಲದಿದ್ದರೆ ಆರು ಅಂಕದಿಂದ ಸೋಲುತ್ತಿದ್ದರು. ಅಭಿಮಾನಿಗಳು ಇಂದಿಗೂ ಅದನ್ನು ಬರೀ "ದ ರನ್" ಎನ್ನುತ್ತಾರೆ, ಬೇರೆ ಓಟಗಳೇ ಇರಲಿಲ್ಲ ಎಂಬಂತೆ.

ಹಿರಿಯರ ಪಕ್ಷದವರಿಗೆ ಇದು ಬ್ರಹ್ಮಾಸ್ತ್ರ. ನನಗೆ ಮಾತ್ರ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಕುರಿಂಜಿ ಹೂ ಬಿಡುತ್ತದೆಂದು ಪ್ರತಿ ವರ್ಷ ಬೆಟ್ಟ ಹತ್ತಲು ಜನರನ್ನು ಕರೆಯಲಾಗುವುದಿಲ್ಲ. ಕೌಂಟ್‌ಡೌನ್ ಕೂಡ ಒಳ್ಳೆಯ ಸಂಜೆಗಳನ್ನು ಕೊಟ್ಟಿದೆ. 2010ರಲ್ಲಿ ಫನ್ನಿ ಕಾರ್ ಎಂಬ ಇನ್ನೊಂದು ನೈಟ್ರೊ ವರ್ಗದಲ್ಲಿ ಮುಂದಿದ್ದ ಮ್ಯಾಟ್ ಹೇಗನ್ ಪೊಮೋನಾದಲ್ಲಿ ಮೊದಲ ಸುತ್ತಿಗೇ ಸೋತು ನಿಂತರು. 61 ವರ್ಷದ ಜಾನ್ ಫೋರ್ಸ್ ರೇಸನ್ನೂ ಗೆದ್ದು ತಮ್ಮ 15ನೆಯ ಚಾಂಪಿಯನ್‌ಶಿಪ್ಪನ್ನೂ ಒಯ್ದರು.

ನನ್ನ ತಕರಾರು ಬೇರೆ ಎರಡು ಕಡೆ ಇದೆ.

ಒಂದು, ಹತ್ತನೆಯವನ ಕೆಳಗೆ ಎಳೆಯುವ ಗೆರೆ. 2009ರ ಇಂಡಿಯಾನಾಪೊಲಿಸ್. ಫನ್ನಿ ಕಾರ್‌ನಲ್ಲಿ ಹತ್ತನೆಯ ಜಾಗಕ್ಕೆ ರಾಬರ್ಟ್ ಹೈಟ್ ಮತ್ತು ಕ್ರೂಸ್ ಪೆಡ್ರೆಗಾನ್ ನಡುವೆ ಪೈಪೋಟಿ. ಹೈಟ್ ಜಾನ್ ಫೋರ್ಸ್ ತಂಡದವರು. ಆಗ ಫೋರ್ಸ್ ಅವರ ಅಳಿಯ ಕೂಡ. ಎಲಿಮಿನೇಷನ್‌ನಲ್ಲಿ ಮಾವನ ಎದುರಿಗೇ ಅಳಿಯ ಬಂದ. ಅಳಿಯ ಗೆದ್ದ, ಹತ್ತನೆಯ ಜಾಗವೂ ಸಿಕ್ಕಿತು. ಕ್ರೂಸ್ ಅವರ ಸಹೋದರ ಟೋನಿ ಪೆಡ್ರೆಗಾನ್ ಟಿ.ವಿ. ಕ್ಯಾಮೆರಾ ಎದುರೇ ಇದು ಬೇಕೆಂದೇ ಸೋತದ್ದು ಎಂದು ಆರೋಪಿಸಿದರು. ಫೋರ್ಸ್ ಅದನ್ನು ಅಲ್ಲಗಳೆದರು, ಟ್ರ್ಯಾಕ್ ತುದಿಯಲ್ಲಿ ದೊಡ್ಡ ಜಗಳವೇ ಆಯಿತು. ಏನು ನಡೆಯಿತೆಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಗಮನಿಸಿ, ಹಳೆಯ ಪದ್ಧತಿಯಲ್ಲಿ ಹತ್ತನೆಯವನಿಗೂ ಹನ್ನೊಂದನೆಯವನಿಗೂ ಜಗಳವಾಡಲು ಇಷ್ಟು ದೊಡ್ಡ ಕಾರಣವೇ ಇರಲಿಲ್ಲ. ಗೆರೆ ಎಳೆದ ಮೇಲೆ ಪ್ರಾಮಾಣಿಕವಾಗಿ ಸೋತವನ ಮೇಲೂ ಅನುಮಾನ ಬೀಳುತ್ತದೆ. ಕಥೆಯ ಬಾಲ ಇನ್ನೂ ಸೊಗಸು: ಹತ್ತನೆಯವನಾಗಿ ಒಳಗೆ ಬಂದ ಹೈಟ್ ಆ ವರ್ಷದ ಚಾಂಪಿಯನ್ ಆದರು. ಹಿರಿಯರ ನೋಟ್‌ಬುಕ್‌ನ ಆ ಪುಟದಲ್ಲಿ ಪೆನ್ಸಿಲಿನ ಮೊನೆ ಮುರಿದಿರಬೇಕು.

ಎರಡನೆಯದು ಹವೆ. ಇದನ್ನು ಕೇಳಿ ಆ ಹಿರಿಯರೂ ಹುಬ್ಬೇರಿಸಿದರು, ಹಾಗಾಗಿ ನನಗೆ ಸ್ವಲ್ಪ ಜಂಭ. ಜುಲೈ ಬಿಸಿಲಿನಲ್ಲಿ ಟ್ರ್ಯಾಕ್ ಕಾದ ಹೆಂಚಾಗಿರುತ್ತದೆ, ಟೈರಿಗೆ ಹಿಡಿತ ಸಿಗುವುದಿಲ್ಲ. ಅಲ್ಲಿ ಗೆಲ್ಲುವವನು ಶಕ್ತಿಯನ್ನು ಹಿಡಿದಿಟ್ಟು ಬಳಸಬಲ್ಲವನು. ಡೆನ್ವರ್ ಬಳಿಯ ಬ್ಯಾಂಡಿಮಿಯರ್ ಟ್ರ್ಯಾಕ್ 2023ರಲ್ಲಿ ಮುಚ್ಚುವವರೆಗೂ ಇನ್ನೊಂದು ಪರೀಕ್ಷೆ ಒಡ್ಡುತ್ತಿತ್ತು: ಸಮುದ್ರಮಟ್ಟದಿಂದ ಸುಮಾರು 5,800 ಅಡಿ ಮೇಲೆ, ತೆಳುಗಾಳಿ. ಅಲ್ಲಿ ಎಂಜಿನ್‌ಗೆ ಉಸಿರು ತುಂಬಿಸುವುದೇ ಒಂದು ವಿದ್ಯೆ. ಕೌಂಟ್‌ಡೌನ್ ನಡೆಯುವುದು ಸೆಪ್ಟೆಂಬರ್ ನಡುವಿನಿಂದ ನವೆಂಬರಿನವರೆಗೆ. ಗಾಳಿ ತಣ್ಣಗೆ, ದಟ್ಟ. ಟ್ರ್ಯಾಕ್‌ಗೆ ಒಳ್ಳೆಯ ಹಿಡಿತ. ಇರುವ ಶಕ್ತಿಯನ್ನೆಲ್ಲ ಸುರಿಯಬಲ್ಲವನಿಗೆ ಅದು ಸುಗ್ಗಿ. ಬೇಸಿಗೆಯ ಅಂಕವನ್ನು 20ಕ್ಕೂ 10ಕ್ಕೂ ಕುಗ್ಗಿಸಿದಾಗ ಅಂಕದ ಜೊತೆ ಒಂದು ಇಡೀ ವಿದ್ಯೆಯ ಬೆಲೆಯೂ ಕುಗ್ಗುತ್ತದೆ. ಆರು ವಿಷಯದ ಪರೀಕ್ಷೆಯಲ್ಲಿ ಗಣಿತವನ್ನಷ್ಟೇ ನೋಡಿ ರ‍್ಯಾಂಕ್ ಕೊಟ್ಟಂತೆ. ಗಣಿತದ ಮೇಷ್ಟರಿಗೆ ಸಂತೋಷವಾಗಬಹುದು, ಬಿಡಿ.

ಟಾಪ್ ಫ್ಯೂಯಲ್ ಚಾಲಕ ಸ್ಟೀವ್ ಟೊರೆನ್ಸ್ ಅವರನ್ನು ನೋಡಿದರೆ ಎರಡೂ ಪಕ್ಷದವರಿಗೆ ಬಾಯಿ ಕಟ್ಟುತ್ತದೆ. 2017ರಲ್ಲಿ ಅವರು ಎಂಟು ರೇಸ್ ಗೆದ್ದರು. ಕೌಂಟ್‌ಡೌನ್ ನಡುವೆ ಡಲ್ಲಾಸ್‌ನಲ್ಲಿ ಕಾರು ನುಜ್ಜುಗುಜ್ಜಾಯಿತು, ಪೊಮೋನಾದಲ್ಲಿ ಬ್ರಿಟನಿ ಫೋರ್ಸ್ ಚಾಂಪಿಯನ್ ಆದರು. ಶರ್ಲಿ ಮಲ್ಡೌನಿ 1982ರಲ್ಲಿ ಗೆದ್ದ ಮೇಲೆ ಟಾಪ್ ಫ್ಯೂಯಲ್ ಪ್ರಶಸ್ತಿ ಮಹಿಳೆಗೆ ಬಂದದ್ದು ಅದೇ ಮೊದಲು. ಹಾಗಾಗಿ ಪದ್ಧತಿಯನ್ನು ಬೈಯಲು ಹೊರಟವರೂ ಚಪ್ಪಾಳೆ ತಟ್ಟಿದರು. ಟೊರೆನ್ಸ್ ಮಾತ್ರ ಮರುವರ್ಷ ಕೌಂಟ್‌ಡೌನ್‌ನ ಆರಕ್ಕೆ ಆರೂ ರೇಸ್ ಗೆದ್ದುಬಿಟ್ಟರು. ಅದುವರೆಗೆ ಯಾರೂ ಮಾಡಿರಲಿಲ್ಲ. ಹಲಗೆ ಒರೆಸಿದರೂ ಒರೆಸದಿದ್ದರೂ ಹೆಸರು ಅದೇ. 2020ರಲ್ಲಿ ಕೋವಿಡ್‌ನಿಂದ ರೇಸ್‌ಗಳೇ ಕಡಿಮೆಯಾಗಿ ಕೌಂಟ್‌ಡೌನ್ ಕೈಬಿಟ್ಟರು, ಒಟ್ಟು ಅಂಕದ ಮೇಲೆ ಪ್ರಶಸ್ತಿ ಕೊಟ್ಟರು. ಆಗಲೂ ಟಾಪ್ ಫ್ಯೂಯಲ್‌ನಲ್ಲಿ ಟೊರೆನ್ಸ್ ಅವರೇ.

ನನ್ನನ್ನು ಕೇಳಿದರೆ, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ಹಲಗೆಯನ್ನು ಪೂರ್ತಿ ಒರೆಸಬೇಡಿ. ಇಂಡಿಯಾನಾಪೊಲಿಸ್ ಮುಗಿದಾಗ ಇರುವ ಅಂತರವನ್ನು ಅರ್ಧ ಮಾಡಿ. 200 ಅಂಕ ಮುಂದಿದ್ದವನಿಗೆ 100 ಉಳಿಯಲಿ, 30 ಮುಂದಿದ್ದವನಿಗೆ 15. ಬೇಸಿಗೆಯ ವಿದ್ಯೆಗೆ ಬೆಲೆ ಉಳಿಯುತ್ತದೆ, ಹಿಂದಿರುವವನಿಗೆ ಆಸೆಯೂ ಉಳಿಯುತ್ತದೆ. ಹತ್ತನೆಯ ಗೆರೆಯನ್ನು ಅಳಿಸಿಬಿಡಿ, ಓಡುವವರೆಲ್ಲ ಓಡಲಿ. ಪೊಮೋನಾದ ಸುತ್ತುಗಳ ನಡುವಿನ ಬಿಡುವಿನಲ್ಲಿ ಇದನ್ನು ಆ ಹಿರಿಯರಿಗೂ ವಿವರಿಸಿದೆ. ಅಷ್ಟರಲ್ಲಿ ಕೆಳಗೆ ತಂಡದವರು ಎಂಜಿನ್ ಪೂರ್ತಿ ಬಿಚ್ಚಿ, ಪಿಸ್ಟನ್ ಬದಲಿಸಿ, ಮತ್ತೆ ಜೋಡಿಸುತ್ತಿದ್ದರು. ಒಂದು ಗಂಟೆಯ ಆಸುಪಾಸಿನಲ್ಲಿ ಆ ಕೆಲಸ ಮುಗಿಯುತ್ತದೆ. ಹಿರಿಯರು ನನ್ನ ಮಾತನ್ನು ಪೂರ್ತಿ ಕೇಳಿ, ನೋಟ್‌ಬುಕ್ ತಿರುಗಿಸಿ, ಬಲ ಅಂಚಿನಲ್ಲಿ ಉಳಿದಿದ್ದ ಬೆರಳಗಲ ಜಾಗ ತೋರಿಸಿದರು. ಮೂರನೆಯ ಕಾಲಂಗೆ ಜಾಗವಿಲ್ಲ ಎಂಬುದು ಅವರ ಉತ್ತರ.

ಕಲಿಟ್ಟ ಹೆಸರನ್ನು ನೆನಪಿಡಿ ಎಂದಿದ್ದೆ. 2006ರಲ್ಲಿ 14 ಅಂಕದಿಂದ ಸೋತ ಡಗ್ ಕಲಿಟ್ಟ ಆಮೇಲೂ ವರ್ಷ ವರ್ಷ ಬಂದರು. 2008ರಲ್ಲಿ ತೀರಿಕೊಂಡ ಸ್ಕಾಟ್ ಅವರ ಸೋದರ ಸಂಬಂಧಿ. 2023ರ ನವೆಂಬರಿನಲ್ಲಿ ಅದೇ ಪೊಮೋನಾದಲ್ಲಿ, ಕೊನೆಯ ರೇಸ್‌ನ ಫೈನಲ್‌ನಲ್ಲಿ ಅವರಿಗೆ ಎದುರಾಗಿ ನಿಂತವರು ಲಿಯಾ ಪ್ರೂಯೆಟ್. ಆ ಓಟ ಗೆದ್ದವರಿಗೇ ವರ್ಷದ ಪ್ರಶಸ್ತಿ ಎಂಬ ಸ್ಥಿತಿ. ಇಬ್ಬರ ಎದುರಿನ ಕಂಬದಲ್ಲಿ ಹಳದಿ ದೀಪಗಳು ಹೊತ್ತಿ ಹಸಿರು ಬಂತು. ಕಲಿಟ್ಟ ಗೆದ್ದರು, ಮೊದಲ ಸಲ ಚಾಂಪಿಯನ್ ಆದರು, 59ನೆಯ ವಯಸ್ಸಿನಲ್ಲಿ. ವರ್ಷಪೂರ್ತಿ ಲೆಕ್ಕದಲ್ಲಿ ಕೈತಪ್ಪಿದ್ದನ್ನು ಹಲಗೆ ಒರೆಸುವ ಲೆಕ್ಕ ತಂದುಕೊಟ್ಟಿತು. ಆ ರಾತ್ರಿ ಹಿರಿಯರು ಬಲಗಡೆಯ ಕಾಲಂ ತುಂಬಿದರೋ, ಪೆನ್ಸಿಲ್ ಕೆಳಗಿಟ್ಟು ಎದ್ದುನಿಂತು ಚಪ್ಪಾಳೆ ತಟ್ಟಿದರೋ, ಮೊಮ್ಮಗನನ್ನೇ ಕೇಳಬೇಕು.

ನಾನು ಸಮಯ ಮೀರಿದ್ದೇನೆ ಎಂದು ಅಧ್ಯಕ್ಷರು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ. ನೈಟ್ರೊಮಿಥೇನ್ ಬಗ್ಗೆ ಕೇಳುವವರು ಮಾತ್ರ ಕಾಫಿ ಹಿಡಿದುಕೊಂಡು ಹೊರಗೆ ಬನ್ನಿ, ಅದು ಉದ್ದದ ಉತ್ತರ.