ಮಗುವಿನ ಕೀಮೋಗೆ ಕಾರ್ಡ್ ಇದೆ, ಊಟಕ್ಕೆ?

ಕೇಳುಗರಿಗೆಲ್ಲ ನಮಸ್ಕಾರ.

ಮಕ್ಕಳಿಗೂ ಕ್ಯಾನ್ಸರ್ ಬರುತ್ತದಾ ಅಂತ ಈಗಲೂ ಕೆಲವರು ಕೇಳುತ್ತಾರೆ. ಬರುತ್ತದೆ. ಅದರಲ್ಲಿ ಜಾಸ್ತಿ ಕಾಣುವುದು ಬ್ಲಡ್ ಕ್ಯಾನ್ಸರ್, ಡಾಕ್ಟರುಗಳು ಎಎಲ್ಎಲ್ ಅಂತ ಕರೆಯುವ ಬಗೆ. ಇದು ಅಪ್ಪ ಅಮ್ಮ ಮಾಡಿದ ಯಾವ ತಪ್ಪಿನಿಂದಲೂ ಬರುವುದಲ್ಲ. ವಾಸಿಯಾಗುವ ಕಾಯಿಲೆಯೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕೂ ಜಾಸ್ತಿ ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಹಲವು ಕಡೆ ಈ ಸಂಖ್ಯೆ 30 ಕೂಡ ಮುಟ್ಟುವುದಿಲ್ಲ.

ಹಾಗಾದರೆ ಶ್ರೀಮಂತ ದೇಶಗಳ ಔಷಧಿಯೇ ಬೇರೆಯಾ? ಬಹುಮಟ್ಟಿಗೆ ಇಲ್ಲ. ಎಎಲ್ಎಲ್‌ಗೆ ಕೊಡುವ ಮುಖ್ಯ ಔಷಧಿಗಳು, ಅಂದರೆ ಕೀಮೋ ಔಷಧಿಗಳು, ಹಳೆಯವು, ನಮ್ಮಲ್ಲೂ ಸಿಗುತ್ತವೆ. ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ನಮ್ಮ ಅಂಗಳದ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಹಾಗಂತ ಯಾರೂ ಮನೆಯಲ್ಲಿ ಅದರ ಕಷಾಯ ಮಾಡಿ ಮಗುವಿಗೆ ಕುಡಿಸಬೇಡಿ. ಆ ಗಿಡ ವಿಷ.

ನಮ್ಮ ರಾಜ್ಯ ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1973ರಲ್ಲಿ. 2010ರಲ್ಲಿ ಬಡವರ ಚಿಕಿತ್ಸೆಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂತು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಕಾಗದಪತ್ರ ಅವರೇ ನೋಡಿಕೊಳ್ಳುತ್ತಾರೆ. ಕೀಮೋ ದುಡ್ಡಿಗಾಗಿ ಹೊಲ ಮಾರುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಸಣ್ಣ ಮಾತಲ್ಲ.

ಆದರೆ ಈ ದುಡ್ಡು ಹೋಗುವುದು ಆಸ್ಪತ್ರೆಯ ಬಿಲ್ಲಿಗೆ. ಮಗು ಚಿಕಿತ್ಸೆ ಬಿಡುವುದು ಎಷ್ಟೋ ಸಲ ಆ ಬಿಲ್ಲಿನಿಂದಲ್ಲ.

ಎಎಲ್ಎಲ್ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಆರೇಳು ತಿಂಗಳು ಜೋರು ಕೀಮೋ. ಆಮೇಲೆ ದಿನವೂ ಮಾತ್ರೆ, ಆಗಾಗ ರಕ್ತಪರೀಕ್ಷೆ. ಕಲಬುರಗಿ ಕಡೆಯ ಕೂಲಿ ಕುಟುಂಬವನ್ನು ನೆನೆಸಿಕೊಳ್ಳಿ. ಬೆಂಗಳೂರು ಸುಮಾರು 600 ಕಿಲೋಮೀಟರ್. ಶಕ್ತಿ ಯೋಜನೆಯಲ್ಲಿ ತಾಯಿಗೆ ಬಸ್ ಚಾರ್ಜ್ ಇಲ್ಲ, ಸರಿ. ಅಪ್ಪ ಬಂದರೆ ಟಿಕೆಟ್ ತೆಗೆಯಲೇಬೇಕು, ಅವತ್ತಿನ ಕೂಲಿಯೂ ಹೋಯಿತು. ಹೊರಗೆ ರೂಮು, ಊಟ, ಮನೆಯಲ್ಲಿ ಬಿಟ್ಟು ಬಂದ ಇನ್ನೊಂದು ಮಗು. ಇಷ್ಟರ ನಡುವೆ ನಾಲ್ಕನೇ ತಿಂಗಳಿಗೆ ಮಗುವಿನ ಮುಖ ಕಳೆಕಳೆಯಾಗುತ್ತದೆ, ಆಟ ಆಡುತ್ತದೆ. ಇನ್ನು ಸಾಕು, ಹುಷಾರಾಯಿತಲ್ಲ ಅಂತ ಅಜ್ಜಿ ಹೇಳುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಆದರೆ ಹೀಗೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟಾಗ ಕಾಯಿಲೆ ತಿರುಗಿ ಬರುತ್ತದೆ, ಮತ್ತು ಆಗ ಅದನ್ನು ಗುಣಮಾಡುವುದು ತುಂಬಾ ಕಷ್ಟ. ಅಲ್ಲಿಯವರೆಗೆ ಸರ್ಕಾರ ಹಾಕಿದ ಲಕ್ಷಗಟ್ಟಲೆ ದುಡ್ಡೂ ನೀರಿಗೆ ಬಿದ್ದ ಹಾಗೆ.

ಇದಕ್ಕೆ ಹೊಸ ಉಪಾಯ ಹುಡುಕಬೇಕಾಗಿಲ್ಲ. ಕ್ಷಯರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ 500 ರೂಪಾಯಿ ಇತ್ತು, ಈಗ 1,000. ಮಾತ್ರೆ ಬಿಟ್ಟವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಕೇಳುತ್ತಾರೆ. ಕ್ಯಾನ್ಸರ್ ಬಂದ ಮಕ್ಕಳ ಸಂಖ್ಯೆ ಕ್ಷಯರೋಗಿಗಳ ಮುಂದೆ ತೀರಾ ಕಡಿಮೆ. ಅದೇ ಏರ್ಪಾಡನ್ನು ಇವರಿಗೂ ಮಾಡಲು ಖಜಾನೆ ಬರಿದಾಗುವುದಿಲ್ಲ. ಪಕ್ಕದ ಕೇರಳದಲ್ಲಿ 18 ವರ್ಷದೊಳಗಿನವರಿಗೆ ಅಂತಲೇ ಕ್ಯಾನ್ಸರ್ ಸುರಕ್ಷಾ ಯೋಜನೆ 2008ರಲ್ಲೇ ಬಂತು. ಮಕ್ಕಳನ್ನು ದೊಡ್ಡವರ ಸಾಲಿನಲ್ಲಿ ನಿಲ್ಲಿಸದೆ ಬೇರೆಯಾಗಿ ನೋಡಿದರಲ್ಲ, ನನಗೆ ಮುಖ್ಯ ಅನ್ನಿಸುವುದು ಅದು.

ಇನ್ನೊಂದು ವಿಷಯ ಜ್ವರ. ಕೀಮೋ ನಡೆಯುವಾಗ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ ಮಗುವಿನಲ್ಲಿ ಇಳಿದಿರುತ್ತದೆ. ಆಗ ಜ್ವರ ಬಂದರೆ ತಡಮಾಡದೆ ಆಂಟಿಬಯಾಟಿಕ್ ಇಂಜೆಕ್ಷನ್ ಬೀಳಬೇಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟರೆ ಆಗುವುದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಒಬ್ಬ ಮಕ್ಕಳ ಡಾಕ್ಟರಿಗೆ, ಇಬ್ಬರು ನರ್ಸ್‌ಗಳಿಗೆ ಇದರ ತರಬೇತಿ ಕೊಟ್ಟು, ಎರಡು ಹಾಸಿಗೆ ಇಟ್ಟರೂ ಎಷ್ಟೋ ಜೀವ ಉಳಿಯುತ್ತದೆ. ದೊಡ್ಡ ಕಟ್ಟಡ ಉದ್ಘಾಟನೆಗೆ ಸಿಗುವಷ್ಟು ಫೋಟೋ ಇದಕ್ಕೆ ಸಿಗುವುದಿಲ್ಲ, ಅಷ್ಟೇ.

ಸಂಶೋಧನೆಯ ಮಾತಿಗೆ ಬರೋಣ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2007ರಲ್ಲಿ ಜನರೇ ಮತ ಹಾಕಿ, ಕ್ಯಾನ್ಸರ್ ಸಂಶೋಧನೆಗೆ ಮತ್ತು ತಡೆಗೆ ರಾಜ್ಯ 300 ಕೋಟಿ ಡಾಲರ್ ಸಾಲ ಎತ್ತಲಿ ಅಂದರು. 2019ರಲ್ಲಿ ಇನ್ನೂ 300 ಕೋಟಿಗೆ ಒಪ್ಪಿದರು. ಆ ನಿಧಿಯಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಅಂತಲೇ ಬೇರೆ ಅನುದಾನಗಳಿವೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ, ಬೇಕಾಗಿಯೂ ಇಲ್ಲ. ನಮಗೆ ಬೇಕಾದ ಸಂಶೋಧನೆ ಬೇರೆ ಥರದ್ದು. ಇರುವ ಔಷಧಿಯನ್ನೇ ನಮ್ಮ ಮಕ್ಕಳಿಗೆ, ಅದೂ ತೂಕ ಕಡಿಮೆ ಇರುವ ಮಕ್ಕಳಿಗೆ, ಎಷ್ಟು ಕೊಟ್ಟರೆ ಕಾಯಿಲೆ ಹೋಗಿ ಮಗು ಉಳಿಯುತ್ತದೆ? ಎಎಲ್ಎಲ್ ಬಗ್ಗೆ ದೇಶದ ಕೆಲವು ದೊಡ್ಡ ಆಸ್ಪತ್ರೆಗಳು ಸೇರಿ ಐಸಿಕಲ್ ಅನ್ನುವ ಅಧ್ಯಯನ ಮಾಡಿದ್ದು ಇಂಥ ಪ್ರಶ್ನೆ ಇಟ್ಟುಕೊಂಡೇ.

ಅದಕ್ಕೂ ಮೊದಲು ಸುಮ್ನೆ ಎಣಿಸುವ ಕೆಲಸ ಇದೆ. ಕಿದ್ವಾಯಿಯಲ್ಲಿ 1982ರಿಂದ ಬೆಂಗಳೂರಿನ ಜನರ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ದೇಶದಲ್ಲೇ ಮೊದಲು ಶುರುವಾದವುಗಳಲ್ಲಿ ಅದೂ ಒಂದು. ಆದರೆ ರಾಯಚೂರಿನ ಊರೊಂದರ ಮಗು ಬೆಂಗಳೂರಿನ ಲೆಕ್ಕಕ್ಕೆ ಸೇರುವುದಿಲ್ಲ. ಎಲ್ಲ ಜಿಲ್ಲೆಯ ಮಕ್ಕಳನ್ನೂ ಹೆಸರು ಸಮೇತ ದಾಖಲಿಸಿ, ಐದು ವರ್ಷ ಬಿಟ್ಟು ಹೇಗಿದ್ದಾರೆ ಅಂತ ನೋಡುವ ಪಟ್ಟಿ ಬೇಕು. ಇದಕ್ಕೆ ಕೆಲವು ಗುಮಾಸ್ತರು, ಫೋನು, ಕಂಪ್ಯೂಟರ್ ಸಾಕು. ಕೆಲವು ಕೀಮೋ ಔಷಧಿ ವರ್ಷಗಳ ನಂತರ ಹೃದಯಕ್ಕೆ ತೊಂದರೆ ಕೊಡಬಹುದು. ಗುಣವಾದ ಮಗು ದೊಡ್ಡದಾದ ಮೇಲೂ ಕರೆದು ಪರೀಕ್ಷೆ ಮಾಡಲು ಆ ಪಟ್ಟಿಯೇ ಬೇಕು.

ರಾಜ್ಯದ ಬಜೆಟ್ ಬರುವ ಮುಂಚೆ ನಿಮ್ಮ ಶಾಸಕರು ಎಲ್ಲಾದರೂ ಸಿಕ್ಕರೆ ಒಂದು ಮಾತು ಕೇಳಿ. ನಮ್ಮ ತಾಲ್ಲೂಕಿನಿಂದ ಕ್ಯಾನ್ಸರ್ ಚಿಕಿತ್ಸೆಗೆ ಹೋದ ಮಕ್ಕಳು ಎಷ್ಟು, ಅದರಲ್ಲಿ ಪೂರ್ತಿ ಮುಗಿಸಿದವರು ಎಷ್ಟು ಅಂತ. ನಮಸ್ಕಾರ.