ಒಗರಿದ್ದರೆ ಇಡಿ

ಕೇಳುಗರಿಗೆ ನಮಸ್ಕಾರ.

ಫ್ರಾನ್ಸಿಗೆ ಹೋಗಿ ಬಂದವರು ಯಾರೋ ನಿಮಗೊಂದು ಬಾಟಲಿ ಕೆಂಪು ವೈನ್ ತಂದುಕೊಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ನೀವು ಅದನ್ನು ಶೋಕೇಸಿನಲ್ಲಿ ನಿಲ್ಲಿಸಿ, "ಇರಲಿ ಬಿಡಿ, ಹಳೆಯದಾದಷ್ಟೂ ರುಚಿ ಜಾಸ್ತಿ" ಅನ್ನುತ್ತೀರಿ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ದಯವಿಟ್ಟು ಇದನ್ನು ಮರೆತುಬಿಡಿ. ಹೆಚ್ಚಿನ ವೈನ್‌ಗಳನ್ನು ಮಾಡುವುದೇ ಕೆಲವು ವರ್ಷದೊಳಗೆ ಕುಡಿಯಲಿ ಅಂತ. ಕೆಂಪು ವೈನ್‌ಗಳಲ್ಲಿ ಇಡಬೇಕಾದದ್ದು ಹೆಚ್ಚಾಗಿ ಒಗರಿರುವಂಥವು. ಒಗರಿದ್ದರೆ ಇಡಿ, ಇಲ್ಲದಿದ್ದರೆ ಕುಡಿದು ಮುಗಿಸಿ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ.

ಒಗರು ನಮಗೇನೂ ಹೊಸದಲ್ಲ. ಬಲಿಯದ ನೇರಳೆಕಾಯಿ ತಿಂದರೆ, ಟೀ ಜಾಸ್ತಿ ಕುದಿದರೆ, ನಾಲಿಗೆ ಒಣಗಿ ಒಸಡು ಬಿಗಿದಂತೆ ಆಗುತ್ತದೆ, ಅಲ್ವಾ? ಅದೇ. ಅದನ್ನು ತರುವ ವಸ್ತುವಿಗೆ ಟ್ಯಾನಿನ್ ಎಂದು ಹೆಸರು. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಲ್ಲಿ ಇರುತ್ತದೆ. ಓಕ್ ಪೀಪಾಯಿಯಿಂದಲೂ ಒಂದಿಷ್ಟು ಬರುತ್ತದೆ.

ನಮ್ಮದು ಮಲೆನಾಡಿನ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಹೊಡೆಯುತ್ತಿದ್ದರು. ಬೋರ್ಡೋ ಅಂದರೆ ಫ್ರಾನ್ಸಿನ ಒಂದು ಊರು ಅಂತ ನನಗೆ ಗೊತ್ತಾದದ್ದು ವೈನ್ ಕೆಲಸ ಕಲಿಯಲು ಅಲ್ಲಿಗೇ ಹೋದಾಗ! 1880ರ ದಶಕದಲ್ಲಿ ದ್ರಾಕ್ಷಿ ಎಲೆಯ ಬೂಜು ರೋಗಕ್ಕೆ ಮದ್ದಾಗಿ ಆ ದ್ರಾವಣ ಹುಟ್ಟಿದ್ದು ಅಲ್ಲಿನ ಮೆದೋಕ್ ಸೀಮೆಯ ತೋಟಗಳಲ್ಲಿ.

ಮೆದೋಕ್‌ನಲ್ಲಿ ಪೋಯಾಕ್ ಎಂಬ ಊರಿದೆ. 1855ರಲ್ಲಿ ಪ್ಯಾರಿಸಿನ ದೊಡ್ಡ ಮೇಳಕ್ಕಾಗಿ ಬೋರ್ಡೋ ವೈನ್‌ಗಳಿಗೆ ದರ್ಜೆ ಕಟ್ಟಿದರು. ಈಗ ಮೊದಲ ದರ್ಜೆಯಲ್ಲಿರುವುದು ಐದು. ಅದರಲ್ಲಿ ಮೂರು, ಲಾಫಿತ್, ಲಾತೂರ್, ಮೂತೋಂ, ಇದೊಂದೇ ಊರಿನವು. ನಾನು ಹೋದದ್ದು ಅಷ್ಟು ದೊಡ್ಡ ಮನೆಗಲ್ಲ, ಅದೇ ಊರಿನ ಒಂದು ಸಣ್ಣ ತೋಟಕ್ಕೆ. ಕೊಯ್ಲಿನ ಕಾಲ. ಪೀಪಾಯಿಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರು 225 ಲೀಟರಿನ ಓಕ್ ಪೀಪಾಯಿಯಿಂದ ನೇರವಾಗಿ ಒಂದಿಷ್ಟು ತೆಗೆದುಕೊಟ್ಟರು. ಹಿಂದಿನ ವರ್ಷದ ವೈನ್. ಬಾಯಿಗೆ ಹಾಕಿದೆ. ಹಸಿ ಅಡಿಕೆ ಕಚ್ಚಿದ ಹಾಗಾಯಿತು! ಅವರು ಏನೂ ಹೇಳದೆ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಕಬೆರ್ನೆ ಸೋವಿನ್ಯೋಂ ದ್ರಾಕ್ಷಿ. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಸಿಪ್ಪೆ ದಪ್ಪ. ಒಂದು ಹಣ್ಣು ಕಿತ್ತು ಕೊಟ್ಟು, "ಬೀಜ ಅಗಿ" ಎಂದರು. ಅಗಿದೆ. ಅದೇ ಒಗರು.

ಒಳಗೆ ಬಂದು ಇನ್ನೊಂದು ಬಾಟಲಿ ತೆಗೆದರು. ಅದೇ ತೋಟದ್ದು, ಇಪ್ಪತ್ತು ವರ್ಷದ್ದು. ಎರಡೂ ಗ್ಲಾಸುಗಳನ್ನು ಬಿಳಿ ಬಟ್ಟೆಯ ಮೇಲೆ ಓರೆ ಹಿಡಿದೆವು. ಎಳೆಯದು ನೇರಳೆ ಹಣ್ಣಿನ ಬಣ್ಣ. ಹಳೆಯದರ ಅಂಚು ಮಂಗಳೂರು ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಮೂಸಿದೆ. ಹಣ್ಣಿನ ವಾಸನೆ ಹಿಂದೆ ಸರಿದು, ಪೆನ್ಸಿಲ್ ಹೆರೆದಾಗ ಬರುತ್ತದಲ್ಲ, ಆ ಮರದ ಪರಿಮಳ ಬಂತು. ಒಣ ತಂಬಾಕಿನ ಎಲೆ, ಮಳೆ ಬಿದ್ದ ತರಗೆಲೆ. ಬಾಯಲ್ಲಿ ಒಗರು ಇತ್ತು, ಆದರೆ ರೇಷ್ಮೆಯ ಹಾಗೆ. ನುಂಗಿದ ಮೇಲೂ ಬಹಳ ಹೊತ್ತು ರುಚಿ ನಿಂತಿತ್ತು. ಆ ದಿನವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದದ್ದು ಇಷ್ಟೇ. ವರ್ಷ ಕಳೆದಂತೆ ಟ್ಯಾನಿನ್ ಒಂದಕ್ಕೊಂದು ಕೂಡಿಕೊಳ್ಳುತ್ತದೆ, ಬಣ್ಣವನ್ನೂ ಸೇರಿಸಿಕೊಳ್ಳುತ್ತದೆ, ಭಾರವಾಗಿ ತಳಕ್ಕೆ ಇಳಿಯುತ್ತದೆ. ಅದೇ ಗಸಿ. ಗಸಿ ಕಂಡು ವೈನ್ ಕೆಟ್ಟಿತು ಅಂತ ಚೆಲ್ಲುವವರಿದ್ದಾರೆ. ಚೆಲ್ಲಬೇಡಿ! ಒಗರು ಮೆತ್ತಗಾದ ಗುರುತು ಅದು.

ಬಾಟಲಿ ತೆಗೆಯದೆ ಒಗರು ತಿಳಿಯುವುದು ಹೇಗೆ? ಚೀಟಿಯಲ್ಲಿ ಊರಿನ ಹೆಸರು ನೋಡಿ. ಪೋಯಾಕ್, ಅದರ ಪಕ್ಕದ ಸೆಂತ್ ಎಸ್ತೆಫ್ ಅಂತಿದ್ದರೆ ಒಗರು ಗಟ್ಟಿ, ಇಡಿ. ಬೋಜೊಲೆ ನೂವೋ ಅಂತಿದ್ದರೆ ಒಗರು ಇಲ್ಲವೇ ಇಲ್ಲ ಅನ್ನಿ. ಅದು ಬೋಜೊಲೆ ಸೀಮೆಯ ಹೊಸ ವೈನ್, ಆ ವರ್ಷದ ಕೊಯ್ಲಿನದು, ನವೆಂಬರಿನ ಮೂರನೇ ಗುರುವಾರ ಮಾರಾಟಕ್ಕೆ ಬರುತ್ತದೆ. ಅದನ್ನು ಕಾದಿಟ್ಟು ಸುಮ್ನೆ ಹಾಳುಮಾಡಬೇಡಿ.

ಇಡುವುದು ಎಲ್ಲಿ? ಶೋಕೇಸಿನಲ್ಲಿ ಅಲ್ಲ, ಫ್ರಿಜ್ಜಿನ ತಲೆ ಮೇಲೂ ಅಲ್ಲ. ಸೆಕೆಗೆ ವೈನ್ ಬೆಂದುಹೋಗುತ್ತದೆ. ಕತ್ತಲಿರಬೇಕು, 12ರಿಂದ 14 ಡಿಗ್ರಿ ತಂಪು ವರ್ಷವಿಡೀ ಇರಬೇಕು. ಬಾಟಲಿಯನ್ನು ಮಲಗಿಸಿ, ಬಿರಡೆ ಒಣಗಬಾರದು. ಅಂಥ ಜಾಗ ಮನೆಯಲ್ಲಿ ಇಲ್ಲವೇ? ಹಾಗಾದರೆ ಪೋಯಾಕ್ ಆದರೂ ಇಡಬೇಡಿ, ಈ ಬೇಸಿಗೆಯೊಳಗೇ ತೆಗೆಯಿರಿ. ಒಗರು ಜಾಸ್ತಿ ಅನ್ನಿಸಿದರೆ ಅಗಲ ಬಾಯಿಯ ಜಗ್ಗಿಗೆ ಸುರಿದು, ಒಂದೆರಡು ಗಂಟೆ ಗಾಳಿಗೆ ಬಿಡಿ.

ಹಳೆಯ ಬಾಟಲಿಯಾದರೆ ಹಿಂದಿನ ದಿನವೇ ನೇರ ನಿಲ್ಲಿಸಿ, ಗಸಿ ಇಳಿಯಲಿ. ಆಮೇಲೆ ಕಲಕದೆ, ಸಾರಿನ ತಿಳಿ ಬಗ್ಗಿಸಿದ ಹಾಗೆ ನಿಧಾನವಾಗಿ ಬಗ್ಗಿಸಿ. ತಳದಲ್ಲಿ ಒಂದೆರಡು ಬೆರಳಿನಷ್ಟು ಬಾಟಲಿಯಲ್ಲೇ ಉಳಿಯಲಿ. ನಮಸ್ಕಾರ.